ಟ್ರಿಯೆಸ್ಟೆ ಕೊಲ್ಲಿಯ ಚಳಿ, ನಮ್ಮ ಕಣದ ಬಿಸಿಲು

ಕೊಡಗಿನಲ್ಲಿ ಕೊಲ್ಲಿ ಎಂದರೆ ಬಂಡೆಗಳ ನಡುವೆ ಹರಿಯುವ ಸಣ್ಣ ತೊರೆ. ಇಟಲಿಯ ಈಶಾನ್ಯ ಮೂಲೆಯ ಟ್ರಿಯೆಸ್ಟೆ ಕೊಲ್ಲಿ ಸಮುದ್ರದ್ದು, ಏಡ್ರಿಯಾಟಿಕ್ ಕಡಲಿನ ತುತ್ತತುದಿ. ಇದರ ದಡದಲ್ಲೇ ಟ್ರಿಯೆಸ್ಟೆ, ಮೊನ್ಫಾಲ್ಕೋನೆ, ಸ್ಲೊವೇನಿಯಾದ ಕೋಪರ್ ಬಂದರುಗಳಿವೆ. ಆಸ್ಟ್ರಿಯಾದವರಿಗೆ ಹತ್ತಿರದ ಕಡಲಬಾಗಿಲು ಇದೇ. ಚಕ್ರವರ್ತಿ ಆರನೇ ಚಾರ್ಲ್ಸ್ 1719ರಲ್ಲಿ ಟ್ರಿಯೆಸ್ಟೆಯನ್ನು ಮುಕ್ತ ಬಂದರೆಂದು ಸಾರಿದ, 1857ರಲ್ಲಿ ವಿಯೆನ್ನಾದ ರೈಲು ಬಂತು, ಊರು ಕಾಫಿ ವ್ಯಾಪಾರದಲ್ಲಿ ಬೆಳೆಯಿತು. ಮುಕ್ತ ವಲಯದ ಗೋದಾಮಿನಲ್ಲಿ ಇವತ್ತಿಗೂ ಸರಕನ್ನು ಕಾಲಮಿತಿಯಿಲ್ಲದೆ ಇಡಬಹುದು.

ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಎಸ್ಪ್ರೆಸ್ಸೋ ಎಂಬ ಗಟ್ಟಿ ಕಾಫಿಯ ಮೇಲೆ ದಪ್ಪ ನೊರೆ ನಿಲ್ಲಲು ಇವರಿಗೆ ರೊಬಸ್ಟಾ ಜಾತಿಯ ಕಾಫಿ ಬೇಕು. ಹಾಗಾಗಿ ಸಿದ್ದಾಪುರ, ವಿರಾಜಪೇಟೆ ಕಡೆಯ ಬೆಳೆಗಾರರಿಗೆ ಈ ಕೊಲ್ಲಿಯ ಹವೆ ದೂರದ ಸುದ್ದಿಯಲ್ಲ.

ಚಳಿಗಾಲದಲ್ಲಿ ಕಾರ್ಸ್ಟ್ ಪ್ರಸ್ಥಭೂಮಿಯಿಂದ ಬೋರಾ ಎಂಬ ಗಾಳಿ ಇಳಿಯುತ್ತದೆ. ಗಂಟೆಗೆ 100 ಕಿ.ಮೀ. ಮೀರಿ ಬೀಸಿದಾಗ ಕ್ರೇನ್‌ಗಳು ನಿಲ್ಲುತ್ತವೆ, ಕಂಟೇನರ್‌ಗಳು ಅಂಗಳದಲ್ಲೇ ಕಾಯುತ್ತವೆ. ಪೆಟ್ಟು ಬೀಳುವುದು ಆಗಲೇ. 60 ಕಿಲೋದ 320 ಮೂಟೆ ತುಂಬಿದ 20 ಅಡಿಯ ಕಂಟೇನರಿನಲ್ಲಿ ಸುಮಾರು 19 ಟನ್ ಕಾಫಿ ಇರುತ್ತದೆ. ತೇವಾಂಶ ಶೇ. 11 ಎಂದರೂ ಬೀಜದೊಳಗೆ 2 ಟನ್ ನೀರು! ಶೇ. 12 ಆದರೆ ಇನ್ನೂ 190 ಲೀಟರ್ ಹೆಚ್ಚು. ಮಂಗಳೂರಿನ ಪಣಂಬೂರು ಬಂದರಿನ ಸೆಕೆಯಲ್ಲಿ ಹೊರಟ ಪೆಟ್ಟಿಗೆಯ ಉಕ್ಕಿನ ಚಾವಣಿ ಇಲ್ಲಿ ತಣ್ಣಗಾಗುತ್ತದೆ, ಬೀಜ ಇನ್ನೂ ಬೆಚ್ಚಗಿರುತ್ತದೆ. ಬೀಜದಿಂದ ಎದ್ದ ಆವಿ ಚಾವಣಿಗೆ ತಾಗಿ ಹನಿಯಾಗಿ ಮೇಲಿನ ಸಾಲಿನ ಮೂಟೆಗಳ ಮೇಲೆ ತೊಟ್ಟಿಕ್ಕುತ್ತದೆ. ಬಾಗಿಲು ತೆರೆದಾಗ ಗೋಣಿಯ ಮೇಲೆ ಕಂದು ಕಲೆ, ಒಳಗೆ ಬಿಳಚಿದ ಬೀಜ, ಮುಗ್ಗಲು ವಾಸನೆ.

ಮುಗ್ಗಿದ ಕಾಫಿಯಲ್ಲಿ ಓಕ್ರಾಟಾಕ್ಸಿನ್ ಎಂಬ ವಿಷ ಸೇರಬಹುದು. ಯುರೋಪಿನಲ್ಲಿ ಹುರಿದ ಕಾಫಿಗೆ ಅದರ ಮಿತಿ 2023ರಿಂದ ಕಿಲೋಗೆ 3 ಮೈಕ್ರೋಗ್ರಾಂ, ಮೊದಲು 5 ಇತ್ತು. ಅದನ್ನು ಹುರಿದು ತೆಗೆದುಬಿಡಬಹುದು ಎಂದು ನಂಬಿ ಕೂರುವಂತಿಲ್ಲ.

ಪಯಣ ಉದ್ದವಾದಷ್ಟೂ ಅಪಾಯ ಹೆಚ್ಚು. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಬಹಳಷ್ಟು ಹಡಗುಗಳು ಸುಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಬಂದವು. ಏಡ್ರಿಯಾಟಿಕ್ ಬಂದರುಗಳಿಗೆ ಇದು ಇನ್ನೂ ತೊಡಕು: ಜಿಬ್ರಾಲ್ಟರ್ ದಾಟಿ ಮತ್ತೆ ಪೂರ್ವಕ್ಕೆ ಬರಬೇಕು. ಎರಡು ವಾರ ಹೆಚ್ಚಿಗೆ ಹಿಡಿದದ್ದುಂಟು.

ತುಂಬುವ ಮೊದಲು ಒಬ್ಬರು ಖಾಲಿ ಕಂಟೇನರಿನೊಳಗೆ ನಿಂತು ಬಾಗಿಲು ಮುಚ್ಚಿಸಬೇಕು. ಸೂಜಿಮೊನೆಯಷ್ಟು ಬೆಳಕು ಕಂಡರೂ ಆ ಕಂಟೇನರ್ ಬೇಡ. ಮರದ ನೆಲ ಒಣಗಿರಬೇಕು, ಹಿಂದಿನ ಸರಕಿನ ವಾಸನೆ ಇರಕೂಡದು. ಗೋಡೆಗೆ ಕ್ರಾಫ್ಟ್ ಕಾಗದ, ಮೇಲಿನ ಸಾಲಿಗೆ ರಟ್ಟು, ಪಕ್ಕಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ತೂಗಬೇಕು. ಆದರೆ ಆ ಚೀಲಗಳು ಹೀರುವುದು ಕೆಲವೇ ಲೀಟರ್, ಹಸಿ ಬೀಜದ ನೂರಾರು ಲೀಟರನ್ನಲ್ಲ.

ಆ ನೀರನ್ನು ತೆಗೆಯಬೇಕಾದ್ದು ಕಣದಲ್ಲೇ. ಚೆರ್ರಿಯನ್ನು, ಅಂದರೆ ಕಾಫಿ ಹಣ್ಣನ್ನು, ತೆಳ್ಳಗೆ ಹರಡಿ, ದಿನಕ್ಕೆ ಹಲವು ಸಲ ಕಾಲಾಡಿಸಿ, ಸಂಜೆ ಇಬ್ಬನಿ ಬೀಳುವ ಮುಂಚೆ ರಾಶಿ ಮಾಡಿ ಟಾರ್ಪಾಲು ಹೊದಿಸಿ. ಕುಲುಕಿದರೆ ಗಲಗಲ ಅಂತು ಎಂದು ಚೀಲಕ್ಕೆ ತುಂಬುವುದಲ್ಲ. ರಾಶಿಯ ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆ ತೆಗೆದು ತೇವಾಂಶದ ಮೀಟರಿಗೆ ಹಾಕಿ. ಮೂರೂ ಕಡೆ ಶೇ. 11 ಬರುವವರೆಗೆ ಚೀಲದ ಬಾಯಿ ಹೊಲಿಯಬೇಡಿ.