ಜಾರ್ಜಿಯಾದಲ್ಲಿ ಮುಯ್ಯಾಳು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಅಟ್ಲಾಂಟಾದ ಮಣ್ಣು ಕೆಂಪು. ಮಲೆನಾಡಿನ ನಮ್ಮೂರು ಸಾಗರದ ಕಡೆಯ ಮಣ್ಣಿನ ಹಾಗೇ ಕೆಂಪು. ಮಳೆ ಬಂದರೆ ಬೂಟಿಗೆ ಹಾಗೇ ಮೆತ್ತಿಕೊಳ್ಳುತ್ತದೆ. ನಾವು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಮೊದಲ ಒಂಬತ್ತು ವರ್ಷ ಈ ಮಣ್ಣನ್ನು ಕಾರಿನ ಕಿಟಕಿಯಿಂದ ನೋಡಿದ್ದೇ ಜಾಸ್ತಿ. ಕೈಗೆ ಹತ್ತಿದ್ದು ಎರಡು ವರ್ಷದ ಹಿಂದೆ, ಒಂದು ಶನಿವಾರ ಬೆಳಿಗ್ಗೆ.

ನಮ್ಮ ಆಫೀಸಿನಿಂದ ವರ್ಷಕ್ಕೊಂದು ದಿನ ಯಾವುದಾದರೂ ಸೇವಾ ಕೆಲಸಕ್ಕೆ ಕರೆದುಕೊಂಡು ಹೋಗುತ್ತಾರೆ. ಆ ಸಲ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯವರು ಕಟ್ಟುತ್ತಿದ್ದ ಒಂದು ಮನೆಗೆ ಹೋದೆವು. ಕಡಿಮೆ ಆದಾಯದ ಕುಟುಂಬಗಳಿಗೆ ಸ್ವಯಂಸೇವಕರ ಕೈಯಿಂದ ಮನೆ ಕಟ್ಟಿಸುವ ಸಂಸ್ಥೆ ಅದು. ಬಡವರಿಗೆ ಪುಕ್ಕಟೆ ಮನೆ ಕೊಡುತ್ತಾರೆ, ನಾವು ಹೋಗಿ ಒಂದಿಷ್ಟು ಬಣ್ಣ ಬಳಿದು ಬರುವುದು ಅಂತ ನಾನು ತಿಳಿದಿದ್ದೆ.

ಎಂಟು ಗಂಟೆಗೆ ಎಲ್ಲರ ತಲೆಗೂ ಹೆಲ್ಮೆಟ್ ಹಾಕಿಸಿ, ಕೈಗೊಂದು ಸುತ್ತಿಗೆ ಕೊಟ್ಟರು. ನನ್ನ ಪಕ್ಕದಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಮೊಳೆ ಹೊಡೆಯುತ್ತಿದ್ದರು. ನಾನು ಒಂದು ಮೊಳೆ ಇಳಿಸುವಷ್ಟರಲ್ಲಿ ಅವರದು ನಾಲ್ಕು ಆಗಿರುತ್ತಿತ್ತು. ಬಹಳ ದಿನದಿಂದ ಬರುತ್ತಿದ್ದೀರಾ ಅಂತ ಕೇಳಿದೆ. ಅವರು ನಾವು ಹೊಡೆಯುತ್ತಿದ್ದ ಕಂಬಗಳನ್ನು ಸುತ್ತಿಗೆಯಿಂದಲೇ ತೋರಿಸಿ ಹೇಳಿದರು: "ಇದು ನನ್ನ ಮಗಳ ಕೋಣೆ."

ಮನೆ ಅವರದೇ ಆಗಿತ್ತು.

ಊಟದ ಹೊತ್ತಿಗೆ ಅವರೇ ಎಲ್ಲ ವಿವರಿಸಿದರು. ಅವರು ಆಸ್ಪತ್ರೆಯಲ್ಲಿ ದಾದಿಯರಿಗೆ ಸಹಾಯಕಿ. ರಾತ್ರಿ ಪಾಳಿ. ಇಬ್ಬರು ಮಕ್ಕಳು. ಮನೆ ಯಾರಿಗೂ ಪುಕ್ಕಟೆ ಸಿಗುವುದಿಲ್ಲ. ಈಗ ಇರುವ ಮನೆ ಸರಿಯಿಲ್ಲ ಅನ್ನುವುದನ್ನು ತೋರಿಸಬೇಕು, ಕಂತು ಕಟ್ಟುವಷ್ಟು ಸ್ಥಿರವಾದ ಸಂಬಳ ಇರಬೇಕು, ಜೊತೆಗೆ ನಿಂತು ದುಡಿಯಲು ಒಪ್ಪಬೇಕು. ದುಡಿಮೆಗೆ ಗಂಟೆಯ ಲೆಕ್ಕ ಇದೆ. ಊರಿಂದ ಊರಿಗೆ ಅದು ಬೇರೆ ಬೇರೆ. ಇವರಿಗೆ 250 ಗಂಟೆ. ತಮ್ಮ ಮನೆಯಲ್ಲಿ ಮಾತ್ರ ಅಲ್ಲ, ತಮಗಿಂತ ಮುಂಚೆ ಸರದಿ ಬಂದವರ ಮನೆಯಲ್ಲೂ ದುಡಿಯಬೇಕು. ಇವರು ಆಗಲೇ ಮೂರು ಮನೆಗಳ ಗೋಡೆ ನಿಲ್ಲಿಸಿ ಬಂದಿದ್ದರು. ಹಾಗಾಗಿಯೇ ಆ ಮೊಳೆ ಹೊಡೆಯುವ ಕೈ. ಶುಕ್ರವಾರ ರಾತ್ರಿ ಪಾಳಿ ಮುಗಿಸಿ ಶನಿವಾರ ಬೆಳಿಗ್ಗೆ ನೇರ ಇಲ್ಲಿಗೆ ಬರುತ್ತಿದ್ದರು. ನಿದ್ದೆ ಯಾವಾಗ ಮಾಡ್ತೀರಿ ಅಂದರೆ, "ಈ ಮನೆಯೊಳಗೆ" ಅಂದರು.

ಮನೆ ಮುಗಿದ ಮೇಲೆ ಅದನ್ನು ಅವರಿಗೆ ಸಾಲದ ಮೇಲೆ ಮಾರುತ್ತಾರೆ. ಲಾಭ ಇಟ್ಟುಕೊಳ್ಳುವುದಿಲ್ಲ. ತಿಂಗಳ ಕಂತು ಆದಾಯದ 30 ಶೇಕಡ ಮೀರದ ಹಾಗೆ ನೋಡಿಕೊಳ್ಳುತ್ತಾರೆ. ಅವರು ಕಟ್ಟಿದ ಕಂತಿನ ಹಣ ಇನ್ನೊಬ್ಬರ ಮನೆಗೆ ಹೋಗುತ್ತದೆ.

ಅದನ್ನೆಲ್ಲ ಕೇಳುತ್ತಾ ಕೇಳುತ್ತಾ ನನಗೆ ನೆನಪಾದದ್ದು ಅಜ್ಜನ ಮನೆಯ ಹೊದಿಕೆ.

ನಾನು ಚಿಕ್ಕವಳಿದ್ದಾಗ ಅಜ್ಜನ ಮನೆಗೆ ಸೋಗೆ ಮಾಡು. ಅಡಿಕೆ ಸೋಗೆ ಒಂದು ಮಳೆಗಾಲ ತಡೆಯುತ್ತದೆ, ಎರಡನೆಯದಕ್ಕೆ ನಂಬುವ ಹಾಗಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಹಳೇದು ಇಳಿಸಿ ಹೊಸದು ಹೊದಿಸಬೇಕು. ಒಂದೇ ಮನೆಯವರಿಂದ ಆಗುವ ಕೆಲಸ ಅಲ್ಲ ಅದು. ಕೇರಿಯ ಏಳೆಂಟು ಮನೆಯಿಂದ ಒಬ್ಬೊಬ್ಬರು ಬರುತ್ತಿದ್ದರು. ಯಾರಿಗೂ ಕೂಲಿ ಇಲ್ಲ. ಮಧ್ಯಾಹ್ನ ಹಪ್ಪಳ, ಪಾಯಸದ ಊಟ. ಮಾರನೇ ವಾರ ಅವರ ಮನೆಯ ಹೊದಿಕೆಗೆ ನಮ್ಮ ಮಾವ ಹೋಗುತ್ತಿದ್ದರು. ಮುಯ್ಯಾಳು ಅಂತಿದ್ದೆವು ಅದಕ್ಕೆ. ಗದ್ದೆ ನೆಟ್ಟಿಗೂ ಮುಯ್ಯಾಳು, ಅಡಿಕೆ ಸುಲಿಯಲಿಕ್ಕೂ ಮುಯ್ಯಾಳು. ಅದು ದಾನ ಅಲ್ಲ. ದಾನ ತೆಗೆದುಕೊಂಡವರು ತಲೆ ತಗ್ಗಿಸಬೇಕಾಗುತ್ತದೆ. ಮುಯ್ಯಾಳಿನಲ್ಲಿ ಯಾರೂ ತಗ್ಗಬೇಕಾಗಿಲ್ಲ, ಯಾಕೆಂದರೆ ನಾಳೆ ನಿಮ್ಮ ಕೈಯೂ ಅವರ ಮಾಡಿನ ಮೇಲಿರುತ್ತದೆ. ಮುಂದೆ ಮಾಡಿಗೆ ಹೆಂಚು ಬಂತು. ಹೊದಿಕೆಯ ಆ ದಿನವೂ ಹೋಯಿತು.

ಮೂವತ್ತು ವರ್ಷ ಆದ ಮೇಲೆ ಅದು ನನಗೆ ಮತ್ತೆ ಸಿಕ್ಕಿದ್ದು ಜಾರ್ಜಿಯಾದಲ್ಲಿ.

ಈ ಪದ್ಧತಿ ಎಲ್ಲಿಂದ ಬಂತು ಅಂತ ತಿಳಿಯಬೇಕು ಅನ್ನಿಸಿತು. ಅದರ ಬೇರು ನಮ್ಮಿಂದ ದೂರ ಇರಲಿಲ್ಲ. ಅಟ್ಲಾಂಟಾದಿಂದ ದಕ್ಷಿಣಕ್ಕೆ ಸುಮಾರು ಎರಡೂವರೆ ಗಂಟೆ ಕಾರಿನಲ್ಲಿ ಹೋದರೆ ಅಮೇರಿಕಸ್ ಎಂಬ ಸಣ್ಣ ಊರು. ಅದರ ಹತ್ತಿರ ಕೊಯಿನೋನಿಯಾ ಅನ್ನುವ ತೋಟ. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದೆವು. ಸಾಲು ಸಾಲು ಪೀಕನ್ ಮರಗಳು. ಅಕ್ರೋಟಿನ ಜಾತಿಯದೇ ಒಂದು ಕಾಯಿ ಅದು.

1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಎಂಬ ಪಾದ್ರಿ ತನ್ನ ಹೆಂಡತಿ ಮತ್ತು ಇನ್ನೊಂದು ದಂಪತಿ ಜೊತೆ ಈ ತೋಟ ಶುರು ಮಾಡಿದರು. ಕೃಷಿ ಓದಿದವರು, ಗ್ರೀಕ್ ಭಾಷೆಯ ಬೈಬಲ್‌ನಲ್ಲಿ ಪಂಡಿತರು. ಇಲ್ಲಿ ಕರಿಯರು, ಬಿಳಿಯರು ಒಂದೇ ಮೇಜಿನಲ್ಲಿ ಕೂತು ಉಣ್ಣುತ್ತಿದ್ದರು, ಒಂದೇ ಕೂಲಿ ಪಡೆಯುತ್ತಿದ್ದರು. ಆ ಕಾಲದ ದಕ್ಷಿಣ ಜಾರ್ಜಿಯಾದಲ್ಲಿ ಅದು ಎಷ್ಟು ದೊಡ್ಡ ಮಾತು ಅನ್ನುವುದು ಸಹಪಂಕ್ತಿ ಊಟದ ಜಗಳ ಕಂಡ ನಮಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? 1956ರಿಂದ ಸುತ್ತಲಿನವರು ತೋಟಕ್ಕೆ ಬಹಿಷ್ಕಾರ ಹಾಕಿದರು. ಬೀಜ, ಗೊಬ್ಬರ ಕೊಡಲಿಲ್ಲ. ಬೆಳೆದದ್ದನ್ನು ಕೊಳ್ಳಲಿಲ್ಲ. ರಸ್ತೆ ಬದಿಯ ಅವರ ಅಂಗಡಿಗೆ ಬಾಂಬ್ ಇಟ್ಟರು. ಮನೆಗಳ ಮೇಲೆ ಗುಂಡು ಹಾರಿಸಿದರು. ಊರಲ್ಲಿ ಮಾರಲು ಬಿಡದಿದ್ದರೆ ಅಂಚೆಯಲ್ಲಿ ಮಾರೋಣ ಅಂತ ಪೀಕನ್ ಕಾಯಿಗಳನ್ನು ದೂರದ ಊರುಗಳಿಗೆ ಅಂಚೆಯಲ್ಲಿ ಕಳಿಸಿ ಬದುಕಿದರು. ಇವತ್ತಿಗೂ ಕಳಿಸುತ್ತಾರೆ. ನಾನೂ ಎರಡು ಪೊಟ್ಟಣ ತಂದೆ.

1965ರಲ್ಲಿ ಅಲ್ಲಿಗೆ ಮಿಲರ್ಡ್ ಫುಲ್ಲರ್, ಲಿಂಡಾ ಫುಲ್ಲರ್ ಬಂದರು. ಮಿಲರ್ಡ್ ಮೂವತ್ತು ತುಂಬುವ ಮೊದಲೇ ಲಕ್ಷಾಂತರ ಡಾಲರ್ ಗಳಿಸಿದ್ದ ವಕೀಲ, ವ್ಯಾಪಾರಿ. ಸಂಸಾರ ಒಡೆಯುವ ಹಂತಕ್ಕೆ ಬಂದಾಗ ಗಂಡ ಹೆಂಡತಿ ಕೂತು ಮಾತಾಡಿ, ಆಸ್ತಿಯನ್ನೆಲ್ಲ ಕೊಟ್ಟುಬಿಟ್ಟಿದ್ದರು. 1968ರಲ್ಲಿ ಅವರೂ ಜೋರ್ಡನ್‌ರೂ ಸೇರಿ ಒಂದು ನಿಧಿ ಮಾಡಿದರು. ಅದರ ಹಣದಿಂದ ಮನೆ ಕಟ್ಟುವುದು, ಬಡ್ಡಿ ಇಲ್ಲದೆ ಮಾರುವುದು, ಬಂದ ಕಂತಿನಿಂದ ಮುಂದಿನ ಮನೆ ಕಟ್ಟುವುದು. ಬಡವರಿಂದ ಬಡ್ಡಿ ತೆಗೆದುಕೊಳ್ಳಬೇಡ ಅಂತ ಬೈಬಲ್‌ನಲ್ಲಿದೆ. ಅದನ್ನು ಅವರು ಅಕ್ಷರಕ್ಕೆ ಅಕ್ಷರ ಪಾಲಿಸಿದರು. ಮೊದಲ ಮನೆ ಬೋ ಮತ್ತು ಎಮ್ಮಾ ಜಾನ್ಸನ್ ಎಂಬ ಕರಿಯ ದಂಪತಿಯದು. ಅಲ್ಲಿವರೆಗೆ ಅವರಿದ್ದದ್ದು ನಲ್ಲಿ ನೀರಿಲ್ಲದ ಗುಡಿಸಲಲ್ಲಿ. ಆ ಮನೆ ಪೂರ್ತಿಯಾಗುವ ಮೊದಲೇ, 1969ರ ಅಕ್ಟೋಬರ್‌ನಲ್ಲಿ ಜೋರ್ಡನ್ ತೀರಿಕೊಂಡರು.

ಇನ್ನೊಂದು ವಿಷಯ. ಬಣ್ಣ ನೋಡಿ ಮನೆ ಮಾರುವುದಿಲ್ಲ, ಸಾಲ ಕೊಡುವುದಿಲ್ಲ ಅನ್ನುವುದನ್ನು ಅಮೆರಿಕದಲ್ಲಿ ಕಾನೂನು ನಿಷೇಧಿಸಿದ್ದು 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ. ಅದಕ್ಕೂ ಮುಂಚೆ ನಕ್ಷೆಯಲ್ಲಿ ಕರಿಯರ ಕೇರಿಗಳಿಗೆ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಗುರುತು ಹಾಕುತ್ತಿದ್ದರು. ನನ್ನ ಜೊತೆ ಮೊಳೆ ಹೊಡೆದ ಆ ತಾಯಿ ಕರಿಯರು. ಅವರ ಅಜ್ಜಿ, ಅಮ್ಮ ಇಬ್ಬರೂ ಬಾಡಿಗೆ ಮನೆಯಲ್ಲೇ ಬದುಕಿದವರು. ಅದಕ್ಕೆ ಅವರಿಗೆ ಗಂಟೆಗಳ ಲೆಕ್ಕ ಭಾರ ಅನ್ನಿಸಲೇ ಇಲ್ಲವೇನೋ.

ಫುಲ್ಲರ್ ದಂಪತಿ ಆಫ್ರಿಕಾದ ಜೈರ್‌ನಲ್ಲಿ (ಈಗಿನ ಕಾಂಗೋ) ಮೂರು ವರ್ಷ ಇದೇ ರೀತಿ ಮನೆ ಕಟ್ಟಿಸಿ ಬಂದು 1976ರಲ್ಲಿ ಹ್ಯಾಬಿಟಾಟ್ ಶುರು ಮಾಡಿದರು. ಅಮೇರಿಕಸ್‌ಗೆ ಹತ್ತಿರದಲ್ಲೇ ಪ್ಲೇನ್ಸ್, ಜಿಮ್ಮಿ ಕಾರ್ಟರ್ ಅವರ ಊರು. ಅಧ್ಯಕ್ಷ ಪದವಿ ಮುಗಿದ ಮೇಲೆ, 1984ರಲ್ಲಿ, ಕಾರ್ಟರ್ ಮತ್ತು ಅವರ ಹೆಂಡತಿ ರೊಸಲಿನ್ ಬಸ್ಸಿನಲ್ಲಿ ನ್ಯೂಯಾರ್ಕಿಗೆ ಹೋಗಿ ಅಲ್ಲಿನ ಹಾಳು ಕಟ್ಟಡವೊಂದನ್ನು ಉಳಿದವರ ಜೊತೆ ಸೇರಿ ರಿಪೇರಿ ಮಾಡಿದರು. ಅಲ್ಲಿಂದ ವರ್ಷಾ ವರ್ಷ ಹೋದರು. 2006ರಲ್ಲಿ ನಮ್ಮ ಲೋನಾವಳದ ಹತ್ತಿರವೂ ಬಂದಿದ್ದರು. ಅಲ್ಲಿ 100 ಮನೆಗಳ ಕೆಲಸ. 2019ರಲ್ಲಿ, 95ನೇ ವಯಸ್ಸಿನಲ್ಲಿ, ಕಾರ್ಟರ್ ಮನೆಯಲ್ಲಿ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಹಾಕಿಸಿಕೊಂಡು ಮಾರನೇ ದಿನವೇ ನ್ಯಾಶ್‌ವಿಲ್‌ನ ಕೆಲಸದ ಜಾಗಕ್ಕೆ ಹಾಜರಾದರು. ಆ ಫೋಟೋ ನಮ್ಮ ಮೇಸ್ತ್ರಿಯ ಟ್ರಕ್ಕಿನಲ್ಲಿ ಅಂಟಿಸಿದೆ.

ಮೇಸ್ತ್ರಿ ಅಂತ ನಾನು ಮನಸ್ಸಿನಲ್ಲೇ ಕರೆಯುವುದು. 74 ವರ್ಷದ ನಿವೃತ್ತ ಬಡಗಿ ಅವರು. ಇಲ್ಲಿ ಮನೆ ಕಟ್ಟುವುದು ಇಟ್ಟಿಗೆ, ಗಾರೆಯಿಂದ ಅಲ್ಲ, ಮರದಿಂದ. ಗೋಡೆಯನ್ನು ನೆಲದ ಮೇಲೆ ಮಲಗಿಸಿಯೇ ಕಟ್ಟುತ್ತಾರೆ. ಕೆಳಗೊಂದು ಪಟ್ಟಿ, ಮೇಲೊಂದು ಪಟ್ಟಿ, ನಡುವೆ ಕಂಬಗಳು. ಒಂದು ಕಂಬದ ನಡುವಿನಿಂದ ಇನ್ನೊಂದರ ನಡುವಿಗೆ 16 ಇಂಚು. ಯಾಕೆ 16 ಅಂತ ಕೇಳಿದೆ. ಹೊರಗೆ ಹೊಡೆಯುವ ಹಲಗೆಯ ಅಗಲ ಸರಿಯಾಗಿ 4 ಅಡಿ, ಅಂದರೆ 48 ಇಂಚು. ಮೂರು ಹದಿನಾರು. ಕಂಬ ಒಂದು ಇಂಚು ಸರಿದರೆ ಹಲಗೆಯ ಅಂಚಿಗೆ ಮೊಳೆ ಹೊಡೆಯಲು ಮರವೇ ಸಿಗುವುದಿಲ್ಲ. ಮೊದಲ ದಿನ ನಾನು ಎರಡು ಕಂಬ ತಪ್ಪಾಗಿ ಹೊಡೆದಿದ್ದೆ. ಅವರು ಬೈಯಲಿಲ್ಲ. ಮೊಳೆ ಕೀಳುವ ಸಲಾಕೆ ಕೈಗೆ ಕೊಟ್ಟು, ಕಿತ್ತು ಮುಗಿಯುವವರೆಗೆ ಪಕ್ಕದಲ್ಲೇ ನಿಂತರು. "ಈ ಮನೆಯಲ್ಲಿ ಮಕ್ಕಳು ಮಲಗುತ್ತಾರೆ" ಅಂದರು, ಅಷ್ಟೇ. ಸುತ್ತಿಗೆಯನ್ನು ಹಿಡಿಯ ತುದಿಯಲ್ಲಿ ಹಿಡಿಯಬೇಕು, ತೂಕ ತಾನೇ ಕೆಲಸ ಮಾಡುತ್ತದೆ ಅಂತ ಕಲಿಸಿದ್ದೂ ಅವರೇ. ಅವರು ರಸಮಟ್ಟ ಇಟ್ಟು ಒಂದು ಕಣ್ಣು ಮುಚ್ಚಿ ನೋಡುವ ರೀತಿ ನಮ್ಮೂರಿನ ಮೇಸ್ತ್ರಿಗಳದ್ದೇ.

ಪಾಯ, ಕರೆಂಟು, ನಲ್ಲಿ ಕೆಲಸವನ್ನು ಲೈಸೆನ್ಸ್ ಇರುವವರೇ ಮಾಡುತ್ತಾರೆ. ಉಳಿದದ್ದು ನಮ್ಮಂಥವರ ಕೈಗೆ.

ಆ ಒಂದು ದಿನದ ನಂತರ ತಿಂಗಳಿಗೆ ಎರಡು ಶನಿವಾರ ಹೋಗತೊಡಗಿದೆ. ನಿಧಾನಕ್ಕೆ ನಮ್ಮ ಕನ್ನಡ ಕೂಟದ ಆರೇಳು ಜನ ಸೇರಿಕೊಂಡರು. ಒಂದು ಸಲ ಮಧ್ಯಾಹ್ನದ ಊಟ ನಮ್ಮದೇ. ಪುಳಿಯೋಗರೆ, ಮೊಸರನ್ನ, ಮೈಸೂರು ಪಾಕು. ಮೇಸ್ತ್ರಿ ಪುಳಿಯೋಗರೆಯನ್ನು ಮೂರು ಸಲ ಹಾಕಿಸಿಕೊಂಡರು. ಅದೇ ದಿನ ಮುಂದಿನ ಉದ್ದ ಗೋಡೆ ಎತ್ತಬೇಕಿತ್ತು. ಹದಿನಾಲ್ಕು ಜನ ಸಾಲಾಗಿ ನಿಂತೆವು. ಮೇಸ್ತ್ರಿ ಒನ್, ಟೂ ಅನ್ನುವಷ್ಟರಲ್ಲಿ ನಮ್ಮ ಮಂಡ್ಯದ ಅಣ್ಣ "ಐಸಾ" ಅಂತ ಕೂಗಿದರು. ನಾವೆಲ್ಲ ದನಿಗೂಡಿಸಿದೆವು. ಉಳಿದವರೂ ಐಸಾ ಅಂದರು. ಮಲಗಿದ್ದ ಗೋಡೆ ಎದ್ದು ನಿಂತಾಗ, ಕಿಟಕಿಯ ಜಾಗದಲ್ಲಿ ಇದ್ದಕ್ಕಿದ್ದಂತೆ ಎದುರು ರಸ್ತೆ ಕಾಣಿಸಿತು. ಅಲ್ಲಿಯವರೆಗೆ ಬರೀ ನೆಲ, ಈಗ ಒಳಗೆ, ಹೊರಗೆ ಅಂತ ಎರಡಾಯಿತು. ಆ ತಾಯಿ ಕಿಟಕಿಯ ಆಚೆ ಹೋಗಿ ನಿಂತು ಒಳಗೆ ನೋಡಿದರು. ಆಮೇಲೆ ಒಳಗೆ ಬಂದು ಹೊರಗೆ ನೋಡಿದರು.

ಇದರಿಂದ ಇಲ್ಲಿನ ಮನೆಯ ಕಷ್ಟ ತೀರಿತು ಅಂತ ನಾನು ಹೇಳುವುದಿಲ್ಲ. ಅಟ್ಲಾಂಟಾದಲ್ಲಿ ಜಾಗದ ಬೆಲೆ ಏರುತ್ತಲೇ ಇದೆ. ಸ್ವಯಂಸೇವಕರು ಕೂಲಿ ಉಳಿಸಬಹುದು, ಜಾಗದ ಬೆಲೆ ಇಳಿಸಲಾರರು. ಅರ್ಜಿ ಹಾಕಿದವರಲ್ಲಿ ಎಷ್ಟೋ ಜನಕ್ಕೆ ಸರದಿ ಬರುವುದಿಲ್ಲ. ತೀರಾ ಬಡವರು, ಕೆಲಸ ಇಲ್ಲದವರು ಕಂತು ಕಟ್ಟಲಾರರು, ಹಾಗಾಗಿ ಈ ಬಾಗಿಲು ಅವರಿಗೆ ತೆರೆಯುವುದಿಲ್ಲ. ಅವರಿಗೆ ಸರ್ಕಾರವೇ ಬೇಕು. ನಮ್ಮೂರ ಹೊರಗಿನ ಜನತಾ ಮನೆಗಳ ಸಾಲು ಇಲ್ಲದಿದ್ದರೆ ನನ್ನ ಜೊತೆ ಶಾಲೆಗೆ ಬರುತ್ತಿದ್ದ ಎಷ್ಟೋ ಮಕ್ಕಳಿಗೆ ತಲೆ ಮೇಲೆ ಸೂರು ಇರುತ್ತಿರಲಿಲ್ಲ. ಆದರೆ ಒಲೆ ಯಾವ ಮೂಲೆಗೆ ಇರಲಿ ಅಂತ ಆ ಮನೆಯವರನ್ನು ಒಬ್ಬರೂ ಕೇಳಿರಲಿಲ್ಲ. ಇಲ್ಲಿ ಕೇಳಿದರು. ಗೋಡೆಯ ಬಣ್ಣ ಮಗಳು ಆರಿಸಿದಳು. ಹಳದಿ.

ಕಳೆದ ತಿಂಗಳು ಕೀಲಿಕೈ ಕೊಟ್ಟರು. ಸಣ್ಣ ಪ್ರಾರ್ಥನೆ, ಎಲ್ಲರಿಗೂ ಕೇಕ್. ಆ ತಾಯಿ ಭಾಷಣ ಮಾಡಲು ನಿಂತು, ಕೆಲಸಕ್ಕೆ ಬಂದವರ ಹೆಸರುಗಳನ್ನು ಒಂದೊಂದಾಗಿ ಹೇಳಿದರು. ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿದರು. ಅದಕ್ಕಾಗಿ ಅಭ್ಯಾಸ ಮಾಡಿದ್ದರಂತೆ.

ಅವತ್ತು ರಾತ್ರಿ ಸಾಗರಕ್ಕೆ ಫೋನ್ ಮಾಡಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, "ಹಾಲು ಉಕ್ಕಿಸಿದ್ರಾ?" ಅಂದಳು. ಇಲ್ಲಮ್ಮ, ಅವರಲ್ಲಿ ಆ ಪದ್ಧತಿ ಇಲ್ಲ ಅಂದೆ. "ಹೋಗ್ಲಿ, ಮೊದಲನೇ ದಿನ ಏನು ಅಡುಗೆ ಮಾಡಿದ್ರು?" ನನಗೆ ಗೊತ್ತಿರಲಿಲ್ಲ. ಕೇಳಿ ಹೇಳು ಅಂದಳು.

ಮುಂದಿನ ಶನಿವಾರ ಅದೇ ಬೀದಿಯಲ್ಲಿ, ಎರಡು ಜಾಗ ಆಚೆ, ಹೊಸ ಮನೆಯ ಕೆಲಸ. ಅವರ 250 ಗಂಟೆ ಯಾವತ್ತೋ ಮುಗಿದಿತ್ತು. ಆದರೂ ಹೆಲ್ಮೆಟ್ ಹಾಕಿ ಬಂದಿದ್ದರು. ಮೊಳೆಯ ಡಬ್ಬ ತೆರೆಯುತ್ತಾ ಅಮ್ಮನ ಪ್ರಶ್ನೆ ಕೇಳಿದೆ. ಅವರು ನಕ್ಕರು. ಮೊದಲ ರಾತ್ರಿ ಕೋಳಿ ಹುರಿದು, ಜೋಳದ ಬ್ರೆಡ್ ಮಾಡಿದರಂತೆ. ಮಕ್ಕಳಿಬ್ಬರಿಗೂ ಬೇರೆ ಬೇರೆ ಕೋಣೆ ಇದ್ದರೂ ಮೂವರೂ ಹಾಲ್‌ನ ನೆಲದ ಮೇಲೇ ಚಾದರ ಹಾಸಿಕೊಂಡು ಮಲಗಿದರಂತೆ. ಬೆಳಿಗ್ಗೆ ಹತ್ತು ಗಂಟೆಯವರೆಗೂ ಯಾರೂ ಏಳಲಿಲ್ಲವಂತೆ.