ಫ್ಲ್ಯಾಶ್ ಯಾಕೆ ಹಾಕುವುದಿಲ್ಲ ಎಂದು ಕೇಳುವವರಿಗೆ

“ಅಲ್ರೀ, ಇಷ್ಟು ತುಟ್ಟಿ ಕ್ಯಾಮೆರಾ ಐತಿ, ಒಂದ್ ಫ್ಲ್ಯಾಶ್ ಹಾಕಾಕ ಏನಾತು?” ಧಾರವಾಡದ ಸೃಜನಾ ರಂಗಮಂದಿರದಲ್ಲಾಗಲಿ, ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಗೃಹದಲ್ಲಾಗಲಿ, ನಾಟಕ ಮುಗಿದ ಮೇಲೆ ನನ್ನ ಕ್ಯಾಮೆರಾದ ಪರದೆಯನ್ನು ಇಣುಕಿ ನೋಡಿದವರೆಲ್ಲ ಕೇಳುವುದು ಇದನ್ನೇ. ಚಿತ್ರದ ಮುಕ್ಕಾಲು ಭಾಗ ಕತ್ತಲೆಯಾಗಿರುವುದನ್ನು ಕಂಡು, ನನಗೆ ಕೆಲಸ ಬಾರದೆಂದು ಅವರು ಆಗಲೇ ತೀರ್ಮಾನಿಸಿರುತ್ತಾರೆ. ಆ ಕತ್ತಲೆ ನಾಟಕದ್ದು. ರಂಗದ ಯಾವ ಮೂಲೆ ಕಾಣಬೇಕು, ಯಾವುದು ಕಾಣಬಾರದು ಎಂಬುದನ್ನು ಬೆಳಕಿನ ವಿನ್ಯಾಸ ಮಾಡಿದವರು ತಾಲೀಮಿನ ದಿನಗಳಲ್ಲೇ ನಿರ್ಧರಿಸಿರುತ್ತಾರೆ. ಅದನ್ನು ಅಳಿಸಿಹಾಕುವ ಹಕ್ಕು ನನಗಿಲ್ಲ, ನಿಮ್ಮ ಮೊಬೈಲಿಗೂ ಇಲ್ಲ.

ದೂರ ಎರಡು ಪಟ್ಟಾದರೆ ಫ್ಲ್ಯಾಶಿನ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಿಂದಿನ ಸಾಲಿನಿಂದ ಹಾಕಿದ ಮೊಬೈಲ್ ಫ್ಲ್ಯಾಶ್ ಮುಂದೆ ಕುಳಿತವರ ತಲೆಗಳನ್ನು ಬೆಳಗಿಸುತ್ತದೆಯೇ ಹೊರತು ನಟರ ಮುಖವನ್ನಲ್ಲ. ಆದರೂ ನಟರ ಕಣ್ಣನ್ನು ಚುಚ್ಚದೆ ಬಿಡುವುದಿಲ್ಲ. ಹಾವೇರಿ ಕಡೆಯ ಹಳ್ಳಿಯೊಂದರಲ್ಲಿ ದೊಡ್ಡಾಟ ನಡೆದಿದ್ದಾಗ ಆಟದ ವೇದಿಕೆಯಾದ ಅಟ್ಟದ ಅಂಚಿಗೇ ಬಂದು ನಿಂತವರೊಬ್ಬರು ಫ್ಲ್ಯಾಶ್ ಹೊಡೆದರು. ಕಿರೀಟ, ಭುಜಕೀರ್ತಿಗಳ ಕನ್ನಡಿ ಚೂರುಗಳೆಲ್ಲ ಒಮ್ಮೆಲೇ ಹೊಳೆದವು, ಪಾತ್ರಧಾರಿ ಪದದ ನಡುವೆ ತಡವರಿಸಿದರು, ಹಿಮ್ಮೇಳದವರು ಆ ಸಾಲನ್ನು ಮತ್ತೆ ಎತ್ತಿಕೊಡಬೇಕಾಯಿತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಫ್ಲ್ಯಾಶ್ ಇಲ್ಲದೆ ಕೆಲಸ ಸುಲಭವೆಂದು ನಾನು ಹೇಳುತ್ತಿಲ್ಲ. ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬುದನ್ನು ಹೇಳುವ ಐಎಸ್‌ಒವನ್ನು 3200 ಅಥವಾ 6400ಕ್ಕೆ ಏರಿಸಿ, ಹೆಚ್ಚು ಬೆಳಕು ಒಳಬಿಡುವ ಎಫ್/2.8 ಲೆನ್ಸನ್ನು ಪೂರ್ತಿ ತೆರೆದರೂ ಶಟರ್ ವೇಗ ಅನೇಕ ಸಲ 1/125 ಸೆಕೆಂಡನ್ನು ದಾಟುವುದಿಲ್ಲ, ನಟರು ಅಲುಗಾಡಿದರೆ ಚಿತ್ರ ಮಸುಕಾಗುತ್ತದೆ. ರಂಗದ ಹಿಂದಿನ ಕಪ್ಪು ಪರದೆಯನ್ನು ನೋಡಿ ಬೆಳಕು ಅಳೆದ ಕ್ಯಾಮೆರಾ ಮುಖವನ್ನು ಸುಣ್ಣ ಬಳಿದಂತೆ ಬೆಳ್ಳಗಾಗಿಸುತ್ತದೆ, ಆದ್ದರಿಂದ ಮುಖದ ಬೆಳಕನ್ನಷ್ಟೇ ಅಳೆಯಬೇಕು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಎಲ್‌ಇಡಿ ದೀಪಗಳ ಮಿನುಗು ಚಿತ್ರದಲ್ಲಿ ಪಟ್ಟೆಗಳಾಗಿ ಮೂಡಬಹುದು. ಮೆಕ್ಯಾನಿಕಲ್ ಶಟರ್ ಬಳಸಿದರೆ ಅದರ ಸದ್ದು ಮೌನದ ದೃಶ್ಯವನ್ನು ಕೆಡಿಸುತ್ತದೆ.

ಕೇಳಲೇಬೇಕೆಂದಿದ್ದರೆ, ಬಟನ್ ಯಾವಾಗ ಒತ್ತಬೇಕೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿ. ಅದಕ್ಕಾಗಿಯೇ ನಾನು ಕ್ಯಾಮೆರಾ ಇಲ್ಲದೆ ತಾಲೀಮಿಗೆ ಹೋಗಿ ಕುಳಿತಿರುತ್ತೇನೆ. ಒಬ್ಬರ ಮಾತು ಮುಗಿದು, ಎದುರಿನವರು ಇನ್ನೂ ಉತ್ತರಿಸದಿರುವ ಬಿಡುವೊಂದಿದೆ. ಆಗ ಇಬ್ಬರೂ ಅಲುಗಾಡದೆ ನಿಂತಿರುವುದರಿಂದ 1/60 ಸೆಕೆಂಡಿನಲ್ಲೂ ಮುಖ ಸ್ಪಷ್ಟವಾಗಿ ಸಿಗುತ್ತದೆ. ಕಂಪನಿ ನಾಟಕಗಳಲ್ಲಿ ಚಪ್ಪಾಳೆಗಾಗಿ ಆ ಬಿಡುವನ್ನು ಎಳೆಯುತ್ತಾರೆ, ಅಲ್ಲಿ ಯಾರಾದರೂ ತೆಗೆದಾರು. ಹವ್ಯಾಸಿ ತಂಡಗಳ ಹೊಸ ನಾಟಕಗಳಲ್ಲಿ ಅದು ಒಂದು ಉಸಿರಿನಷ್ಟೇ ಇರುತ್ತದೆ, ತಾಲೀಮು ನೋಡದವರ ಕೈಗೆ ಸಿಗುವುದಿಲ್ಲ.