ಟರ್ಮಿನಲ್‌ನಲ್ಲಿ ತುಳು ಕಲಿಕೆ

ಕೆಲಸದ ನಿಮಿತ್ತ ಉಡುಪಿಗೆ ಬಂದ ಮೇಲೆ ತುಳು ಕಲಿಯಬೇಕೆಂಬ ಆಸೆ ಹುಟ್ಟಿತು. ಇಲ್ಲಿ ಕನ್ನಡವೊಂದೇ ಬಂದರೂ ಯಾವ ಕೆಲಸವೂ ನಿಲ್ಲುವುದಿಲ್ಲ. ಆದರೆ ಅಂಗಡಿಯಲ್ಲೋ ಬಸ್ಸಿನಲ್ಲೋ ತಮ್ಮತಮ್ಮಲ್ಲಿ ತುಳುವಿನಲ್ಲಿ ಮಾತಾಡುತ್ತಿದ್ದವರು ನನ್ನತ್ತ ತಿರುಗಿದೊಡನೆ ಕನ್ನಡಕ್ಕೆ ಹೊರಳುವುದನ್ನು ಕಂಡಾಗಲೆಲ್ಲ, ಆ ಮಾತುಕತೆಯೊಳಗೆ ನಾನೂ ಇರಬೇಕು ಅನ್ನಿಸುತ್ತಿತ್ತು.

ಅದಕ್ಕಾಗಿ ಟರ್ಮಿನಲ್‌ನಲ್ಲಿ, ಅಂದರೆ ಕಂಪ್ಯೂಟರಿಗೆ ಆಜ್ಞೆಗಳನ್ನು ಟೈಪಿಸಿ ಕೊಡುವ ಅಕ್ಷರಮಾತ್ರದ ಕಿಟಕಿಯಲ್ಲಿ, ನಡೆಯುವ ಸಣ್ಣದೊಂದು ಫ್ಲ್ಯಾಶ್‌ಕಾರ್ಡ್ ಪ್ರೋಗ್ರಾಂ ಬಳಸುತ್ತಿದ್ದೇನೆ. ಇರುವುದು ಒಂದೇ ಪಠ್ಯ ಕಡತ: ಸಾಲಿಗೊಂದು ಕಾರ್ಡು, ಎಡಕ್ಕೆ ಕನ್ನಡ, ಬಲಕ್ಕೆ ತುಳು, ನಡುವೆ ಟ್ಯಾಬ್. ಉತ್ತರವನ್ನು ಬಾಯಿಬಿಟ್ಟು ಹೇಳಿ ಎಂಟರ್ ಒತ್ತಿದರೆ ಸರಿಯುತ್ತರ ಕಾಣಿಸುತ್ತದೆ. ಎಷ್ಟು ಸಲೀಸಾಗಿ ನೆನಪಾಯಿತೆಂಬುದಕ್ಕೆ 0ಯಿಂದ 5ರವರೆಗೆ ನಾವೇ ಅಂಕ ಕೊಡಬೇಕು. ಪೋಲೆಂಡಿನ ಪ್ಯೋತ್ರ್ ವೊಜ್ನಿಯಾಕ್ 1987ರಲ್ಲಿ ರೂಪಿಸಿದ ಎಸ್‌ಎಂ-2 ಎಂಬ ಲೆಕ್ಕದಂತೆ ಕಾರ್ಡು ಮೊದಲು 1 ದಿನಕ್ಕೆ, ಆಮೇಲೆ 6 ದಿನಕ್ಕೆ ಮರಳುತ್ತದೆ. ಅಲ್ಲಿಂದ ಮುಂದೆ ಹಿಂದಿನ ಅಂತರವನ್ನು, ನಾವು ಕೊಟ್ಟ ಅಂಕಗಳಿಗೆ ತಕ್ಕಂತೆ ಬದಲಾಗುವ ಆ ಕಾರ್ಡಿನ ಗುಣಾಂಕದಿಂದ ಗುಣಿಸಲಾಗುತ್ತದೆ. ಗುಣಾಂಕ ಆರಂಭದ 2.5ರಲ್ಲೇ ಉಳಿದರೆ ಮೂರನೆಯ ಅಂತರ 15 ದಿನ. 3ಕ್ಕಿಂತ ಕಡಿಮೆ ಅಂಕ ಕೊಟ್ಟರೆ ಪುನಃ 1 ದಿನ. ಹಳಗನ್ನಡದ ಪಕಾರವನ್ನು ನೆನೆದರೆ ಸಾಕು, ಹುಲಿಗೆ ‘ಪಿಲಿ’, ಹಕ್ಕಿಗೆ ‘ಪಕ್ಕಿ’ ತಾವಾಗಿ ಹೊಳೆಯುವುದರಿಂದ ಅವು ಬೇಗನೆ ವಾರಗಟ್ಟಲೆ ದೂರ ಸರಿದವು. ಹೊಟ್ಟೆಯ ‘ಬಂಜಿ’, ಹಲ್ಲಿನ ‘ಕೂಲಿ’ ಮಾತ್ರ ಮತ್ತೆ ಮತ್ತೆ ಎದುರಾದವು.

ಟರ್ಮಿನಲ್ ಪರದೆಯನ್ನು ಸಮ ಅಗಲದ ಮನೆಗಳಾಗಿ ಹಂಚಿಕೊಳ್ಳುವುದರಿಂದ ಅನೇಕ ಕಡೆ ಕನ್ನಡದ ಒತ್ತಕ್ಷರಗಳು ಚದುರುತ್ತವೆ. ಓದಲು ಬರುವಂಥದ್ದು ಸಿಗುವವರೆಗೆ ಎರಡು ಮೂರು ಟರ್ಮಿನಲ್ ಬದಲಿಸಬೇಕಾಯಿತು.

ಅದಕ್ಕಿಂತ ದೊಡ್ಡ ತೊಡಕು ಒಂದು ಕಾರ್ಡಿನಲ್ಲೇ ಇತ್ತು. ‘ಬಂದೆ’ ಎಂಬುದಕ್ಕೆ ‘ಬತ್ತೆ’ ಎಂದು ಬರೆದುಕೊಂಡು, ಪ್ರತಿ ಸಲವೂ 5 ಅಂಕ ಕೊಟ್ಟುಕೊಳ್ಳುತ್ತಿದ್ದೆ. ಒಂದು ಸಂಜೆ ಪಕ್ಕದ ಮನೆಯ ಅಕ್ಕನೊಡನೆ ಅದನ್ನೇ ಆಡಿದಾಗ, “ಬಂದದ್ದು ನೀವಾ, ಅವನಾ ಮಾರಾಯ್ರೆ?” ಎಂದು ಕೇಳಿದರು. ‘ನಾನು ಬಂದೆ’, ‘ಅವನು ಬಂದ’ ಎರಡಕ್ಕೂ ಕನ್ನಡ ಲಿಪಿಯಲ್ಲಿ ‘ಬತ್ತೆ’ ಎಂದೇ ಬರೆಯುತ್ತೇವಾದರೂ, ಮೊದಲನೆಯದರ ಕೊನೆಯ ಸ್ವರಕ್ಕೆ ಬಾಯಿ ಇನ್ನಷ್ಟು ತೆರೆಯಬೇಕು. ಅಕ್ಕ ನಿಧಾನವಾಗಿ ನಾಲ್ಕೈದು ಸಲ ಹೇಳಿ ತೋರಿಸಿದರು.

ಆ ರಾತ್ರಿಯೇ ಕಡತ ತೆರೆದು ಆ ಸಾಲನ್ನು ಅಳಿಸಿ, ‘ಯಾನ್ ಬತ್ತೆ’, ‘ಆಯೆ ಬತ್ತೆ’ ಎಂದು ಎರಡು ಸಾಲು ಮಾಡಿ, ಮೊದಲನೆಯದರ ಪಕ್ಕದಲ್ಲಿ ‘ಬಾಯಿ ಅಗಲ’ ಎಂದು ಬರೆದೆ. ಒಂದೇ ಆಜ್ಞೆಯಲ್ಲಿ ಹುಡುಕಿದಾಗ ಇಂಥ ಕ್ರಿಯಾಪದಗಳೆಲ್ಲ ಒಟ್ಟಿಗೆ ಕಣ್ಣಮುಂದೆ ಬಂದವು. ಮಲಗುವ ಮೊದಲು ಅಷ್ಟನ್ನೂ ತಿದ್ದಿದೆ. ಬರಿಯ ಪಠ್ಯ ಕಡತವನ್ನು ನಾನು ಇಷ್ಟು ಮೆಚ್ಚುವುದು ಇದಕ್ಕೇ. ಈಗ ಆ ಕಾರ್ಡುಗಳು ಬಂದಾಗ ಗಟ್ಟಿಯಾಗಿಯೇ ಹೇಳುತ್ತೇನೆ. ಅಕ್ಕ ಒಪ್ಪುವವರೆಗೆ ಅವುಗಳಿಗೆ 4ಕ್ಕಿಂತ ಹೆಚ್ಚು ಅಂಕವಿಲ್ಲ.